ಸೆಲ್ಫ್ ಹಿಡಿಯದ ಲಾರಿಗೊಂದು ಕೈಪಿಡಿ

ಈ ಕೈಪಿಡಿ ಯಾರಿಗೆ

ತುಂಗಭದ್ರೆಯ ದಂಡೆಗಿಳಿದು, ಮರಳು ತುಂಬಿಸಿಕೊಂಡು, ರಸೀದಿ ಜೇಬಿಗಿಟ್ಟುಕೊಂಡು ಕೀ ತಿರುಗಿಸಿದಾಗ ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟರು, 'ಟಕ್' ಎಂದಷ್ಟೇ ಹೇಳಿ ಸುಮ್ಮನಾಗುವ ಲಾರಿಯ ಚಾಲಕರಿಗೆ. ಸ್ಥಳ: ಕರ್ನೂಲು ಜಿಲ್ಲೆಯ ಸಿ. ಬೆಳಗಲ್ ಮಂಡಲ. ಆಚೆ ದಂಡೆ ತೆಲಂಗಾಣ. ಹೊಳೆಗುಂಟ ಮೇಲಕ್ಕೆ ಹೋದರೆ ಮಂತ್ರಾಲಯ, ಅದಕ್ಕೆದುರು ನಮ್ಮ ರಾಯಚೂರು ಜಿಲ್ಲೆ; ಕೆಳಕ್ಕೆ ಹೋದರೆ ಸುಂಕೇಸುಲ ಬ್ಯಾರೇಜು. ಪಶ್ಚಿಮಕ್ಕೆ ಆದೋನಿಯ ಹತ್ತಿ ಮಾರುಕಟ್ಟೆ. ಮರಳಿನ ಲಾರಿಯೂ ಹತ್ತಿಯ ಲಾರಿಯೂ ಕೆಡುವ ರೀತಿ ಒಂದೇ ಆದ್ದರಿಂದ ಈ ಸೀಮೆಗೆಲ್ಲ ಒಂದೇ ಕೈಪಿಡಿ ಸಾಕು.

2024ರ ಜುಲೈನಿಂದ ಆಂಧ್ರದಲ್ಲಿ ಮರಳು ಉಚಿತ. ಎತ್ತಿ ತುಂಬುವ ಮತ್ತು ಸಾಗಿಸುವ ಖರ್ಚು ಮಾತ್ರ ಕೊಡಬೇಕು. ಬ್ಯಾಟರಿಗೆ ಅಂಥ ಯೋಜನೆ ಇನ್ನೂ ಬಂದಿಲ್ಲ. ಕಂಪನಿಯವರು ಲಾರಿಯ ಜೊತೆ ಕೊಟ್ಟ ಅಸಲಿ ಕೈಪಿಡಿ ಇಂಗ್ಲಿಷಿನಲ್ಲಿದ್ದು, ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ ಕಾಗದಗಳ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಮಂತ್ರಾಲಯದ ರಾಯರ ಪಟದ ಹಿಂದೆ ಭದ್ರವಾಗಿದೆ. ಅದನ್ನು ಹೊರಗೆ ತೆಗೆಯುವ ಅಗತ್ಯವಿಲ್ಲ. ಪೊಲೀಸರೂ ಅದನ್ನು ಕೇಳುವುದಿಲ್ಲ.

ಮೊದಲ ಹಂತ: ಜನರನ್ನು ನಿಭಾಯಿಸುವುದು

ಬಾನೆಟ್ ಎತ್ತಿದ, ಅಥವಾ ಕ್ಯಾಬಿನ್ ವಾಲಿಸಿದ, ಕ್ಷಣದಿಂದ ನೀವು ಒಂಟಿಯಲ್ಲ. ಜೆಸಿಬಿಯವನು, ಹಿಂದಿನ ಲಾರಿಯ ಕ್ಲೀನರ್, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಯಜಮಾನರು, ಹಿಂದೊಮ್ಮೆ ಎಮ್ಮಿಗನೂರಿನಲ್ಲಿ ಆಟೊ ಇಟ್ಟುಕೊಂಡಿದ್ದವರು, ಎಲ್ಲರೂ ಸೇರುತ್ತಾರೆ. ತೆಲುಗು, ಕನ್ನಡ, ಉರ್ದು ಮೂರರಲ್ಲೂ ಸಲಹೆ ಬರುತ್ತದೆ. ಭಾಷೆ ಯಾವುದಾದರೂ ಸಲಹೆಯ ಕ್ರಮ ಮಾತ್ರ ತಪ್ಪದು:

"ಬ್ಯಾಟ್ರಿ ಹೋಗೈತೆ ಬಿಡಣ್ಣ, ಹೊಸಾದು ಹಾಕ್ಸು."

"ಬ್ಯಾಟ್ರಿ ಅಲ್ಲಪ್ಪ, ಸೆಲ್ಫೇ ಹೋಗೈತೆ. ಬಿಚ್ಚಿ ಕರ್ನೂಲಿಗೆ ಕಳ್ಸು."

"ಡೈನಮೋ ಚೆಕ್ ಮಾಡಿಸ್ರಿ ಮೊದ್ಲು."

"ನಿಂಬೆಹಣ್ಣು ಕಟ್ಟಿ ಎಷ್ಟು ದಿನ ಆತು?"

ಈ ಪಟ್ಟಿಯ ಮರ್ಮ ಗಮನಿಸಿ. ಮೊದಲು ಬರುವುದು ಹೆಚ್ಚು ದುಡ್ಡು ಬೇಡುವ ಸಾಮಾನು, ಕೊನೆಗೆ ಬರುವುದು ನಿಂಬೆಹಣ್ಣು. ಎರಡರ ನಡುವೆ ಇರಬೇಕಾಗಿದ್ದ ಒಂದು ಸಂಗತಿಯ ಹೆಸರನ್ನು ಯಾರೂ ಎತ್ತುವುದಿಲ್ಲ: ಸಡಿಲವಾದ, ತುಕ್ಕು ಹಿಡಿದ, ಬಣ್ಣ ಬಳಿಸಿಕೊಂಡ ಒಂದು ತಂತಿಯ ತುದಿ. ಅದಕ್ಕೆ ಬಿಲ್ ಹಾಕಲಾಗುವುದಿಲ್ಲ; ಅದನ್ನು ಕಂಡುಹಿಡಿದವನಿಗೆ ಮರ್ಯಾದೆಯೂ ಇಲ್ಲ. ಎಲ್ಲರ ಸಲಹೆಗೂ "ಹೂಂ ಅಣ್ಣ" ಎಂದು ಹೇಳಿ. ಯಾರಿಗೂ ಸ್ಪ್ಯಾನರ್ ಕೊಡಬೇಡಿ. ಸ್ಪ್ಯಾನರ್ ಕೊಟ್ಟರೆ ಸೆಲ್ಫ್ ಕೆಳಗಿಳಿಯುವುದು ಖಂಡಿತ, ಮೇಲೇರುವುದು ಮಾತ್ರ ಅವರವರ ಊಟದ ಹೊತ್ತಿನ ಮೇಲೆ.

ಎರಡನೇ ಹಂತ: ಕಿವಿಗೊಟ್ಟು ಕೇಳುವುದು

ಉಪಕರಣ ಮುಟ್ಟುವ ಮೊದಲು ಗೇರು ನ್ಯೂಟ್ರಲ್‌ನಲ್ಲಿದೆಯೇ, ಚಕ್ರಕ್ಕೆ ಕಲ್ಲು ಕೊಟ್ಟಿದೆಯೇ ನೋಡಿ. ಆಮೇಲೆ ಸುತ್ತಲಿನವರಿಗೆ "ಒಂದ್ನಿಮಿಷ ಸುಮ್ಕಿರ್ರಿ" ಎಂದು ಹೇಳಿ ಕೀ ತಿರುಗಿಸಿ. ಲಾರಿ ತನ್ನ ರೋಗವನ್ನು ತಾನೇ ಹೇಳುತ್ತದೆ, ಅದೂ ಬಹಳ ಸ್ಪಷ್ಟವಾಗಿ.

ಏನೂ ಸದ್ದಿಲ್ಲ, ಮೀಟರ್ ಬೋರ್ಡಿನ ದೀಪವೂ ಇಲ್ಲ ಎಂದರೆ ಕರೆಂಟು ಬ್ಯಾಟರಿ ಪೆಟ್ಟಿಗೆಯ ಹತ್ತಿರವೇ ನಿಂತಿದೆ. ಮೇನ್ ಸ್ವಿಚ್ ನೋಡಿ. ರಾತ್ರಿ ಯಾರೋ ಜಾಣರು ಅದನ್ನು ಆಫ್ ಮಾಡಿ ಮಲಗಿರುವ ಸಾಧ್ಯತೆ ಇದೆ, ಆ ಜಾಣರು ನೀವೇ ಆಗಿರಬಹುದು.

'ಟಕಟಕಟಕಟಕ' ಎಂದು ಒಂದೇ ಸಮನೆ ಬಡಿದುಕೊಂಡರೆ ವೋಲ್ಟೇಜು ಸಾಲದು. ಸೆಲ್ಫಿನ ಮೇಲೆ ಕೂತಿರುವ ಸೊಲೆನಾಯ್ಡ್‌ನೊಳಗೆ ಎರಡು ಸುರುಳಿಗಳಿರುತ್ತವೆ. ಒಂದು ಎಳೆಯುತ್ತದೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುತ್ತದೆ. ಎಳೆದ ಕೂಡಲೇ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಕೂಡಿ ಸೆಲ್ಫ್ ನೂರಾರು ಆಂಪಿಯರ್ ಸೆಳೆಯಲು ಬಾಯಿ ತೆರೆಯುತ್ತದೆ. ಸುಸ್ತಾದ ಬ್ಯಾಟರಿಯ ವೋಲ್ಟೇಜು ಅಲ್ಲಿಗೆ ಕುಸಿದು, ಹಿಡಿಯುವ ಸುರುಳಿ ಕೈಬಿಡುತ್ತದೆ. ಕೈಬಿಟ್ಟೊಡನೆ ಭಾರ ಇಳಿದು ವೋಲ್ಟೇಜು ಮತ್ತೆ ಏರುತ್ತದೆ, ಸುರುಳಿ ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ನಡೆಯುವ ಈ ಜಗಳವೇ ಆ ಟಕಟಕ. ಸೆಲ್ಫ್ ಬಿಚ್ಚಬೇಕಾಗಿಲ್ಲ.

'ಟಕ್' ಎಂದು ಒಂದೇ ಸಲ ಗಟ್ಟಿಯಾಗಿ ಹೇಳಿ ಸುಮ್ಮನಾದರೆ ಸೊಲೆನಾಯ್ಡ್ ತನ್ನ ಕೆಲಸ ಮಾಡಿದೆ, ಮುಂದಿನವರು ಮಾಡಿಲ್ಲ. ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು, ಕರೆಂಟು ದಾರಿಯಲ್ಲೇ ಸೋರಿರಬಹುದು. 'ಗಿರ್ರ್' ಎಂದು ಸೆಲ್ಫ್ ತಾನೊಂದೇ ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಸೆಲ್ಫಿನ ತುದಿಯ ಹಲ್ಲುಗಾಲಿ, ಅಂದರೆ ಬೆಂಡಿಕ್ಸ್, ಫ್ಲೈವೀಲಿನ ಹಲ್ಲಿಗೆ ಕೂಡುತ್ತಿಲ್ಲ. 'ಊಂ... ಊಂ...' ಎಂದು ನರಳುತ್ತ ನಿಧಾನಕ್ಕೆ ತಿರುಗಿದರೆ ಬ್ಯಾಟರಿ ಇಲ್ಲವೇ ಜೋಡಣೆ, ಎರಡರಲ್ಲೊಂದು.

ಯಾವುದೆಂದು ತಿಳಿಯಲು ಹೆಡ್‌ಲೈಟ್ ಹಾಕಿ, ಕ್ಲೀನರನ್ನು ಮುಂದೆ ನಿಲ್ಲಿಸಿ, ಸೆಲ್ಫ್ ಹೊಡೆಯಿರಿ.

"ಲೇ ತಮ್ಮಾ, ಲೈಟು ಹೆಂಗೈತೆ?"

"ಉರಿತೈತಣ್ಣ."

"ಈಗ?"

"ಈಗ ಸತ್ತೋತಣ್ಣ."

ದೀಪ ಪೂರ್ತಿ ಸತ್ತರೆ ಬ್ಯಾಟರಿಯ ತುದಿಗಳಲ್ಲೇ ಜೋಡಣೆ ಕೆಟ್ಟಿದೆ, ಇಲ್ಲವೇ ಬ್ಯಾಟರಿಯೇ ಮುಗಿದಿದೆ. ಮಂಕಾದರೆ ಬ್ಯಾಟರಿ ಇಳಿದಿದೆ, ಅಥವಾ ಸೆಲ್ಫ್ ಬಿಗಿದುಕೊಂಡಿದೆ. ಒಂದಿಷ್ಟೂ ಕುಂದದೆ ಝಗಝಗ ಉರಿಯುತ್ತಲೇ ಇದ್ದರೆ ಸೆಲ್ಫಿಗೆ ಕರೆಂಟು ಹೋಗುತ್ತಲೇ ಇಲ್ಲ. ಕೀ ಸ್ವಿಚ್ಚು, ರಿಲೇ, ಸೊಲೆನಾಯ್ಡ್ ವೈರು ಅಥವಾ ಸೆಲ್ಫಿನ ಅರ್ಥ್ ಹುಡುಕಿ. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಅದಕ್ಕೇ ಇದನ್ನು ಯಾರೂ ಮಾಡುವುದಿಲ್ಲ.

ಬ್ಯಾಟರಿ: ಎರಡಿದ್ದರೂ ಒಂದೇ, ಒಂದಿದ್ದರೂ ಎರಡೇ

ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಕಟ್ಟಿ 24 ಮಾಡಿರುತ್ತಾರೆ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಒಂದೊಂದು ಬ್ಯಾಟರಿಯೂ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಬಂತೆಂದರೆ ಅದು ಕಾಲು ಪಾಲು ಮಾತ್ರ ಉಳಿದ ಬ್ಯಾಟರಿ, ಅರ್ಧವಲ್ಲ. ಮೀಟರು ಹಿಡಿದು "ಹನ್ನೆರಡು ವೋಲ್ಟಿನ ಬ್ಯಾಟ್ರಿ, ಹನ್ನೆರಡು ತೋರಿಸ್ತೈತೆ, ಸರಿ ಐತೆ" ಎಂದು ತೀರ್ಪು ಕೊಡುವವರಿಂದ ದೂರವಿರಿ.

ಈ ಸೀಮೆಯಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಚಳಿಯಲ್ಲ, ಬಿಸಿಲು. ಬ್ಯಾಟರಿಗೆ ತಗಲುವ ಪ್ರತಿ 10 ಡಿಗ್ರಿ ಹೆಚ್ಚುವರಿ ಬಿಸಿಗೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಆ ಕಸುಬಿನವರ ಲೆಕ್ಕ. ಕರ್ನೂಲಿನ ಮೇ ತಿಂಗಳಲ್ಲಿ, ಕಾದ ಮರಳಿನ ಮೇಲೆ, ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗೆ ಕೂತ ಬ್ಯಾಟರಿಯ ನೀರು ಆವಿಯಾಗಿ ಪ್ಲೇಟುಗಳು ಹೊರಗೆ ಇಣುಕುತ್ತವೆ. ಆಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬೇರೇನನ್ನೂ ಅಲ್ಲ. ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಬ್ಯಾಟರಿಗೆ ಅನ್ವಯಿಸುವುದಿಲ್ಲ. ಹೊಳೆಯ ನೀರಿನಲ್ಲೂ, ಅಂಗಡಿಯ ಬಾಟಲಿ ನೀರಿನಲ್ಲೂ ಖನಿಜಗಳಿರುತ್ತವೆ. ನಮಗೆ ಒಳ್ಳೆಯದಾದದ್ದು ಸೀಸದ ಪ್ಲೇಟಿಗೆ ವಿಷ. "ಪವರ್ ಬರ್ಲಿ" ಎಂದು ಆಸಿಡ್ ಸುರಿಯುವುದೂ ಬೇಡ. ಆವಿಯಾಗಿ ಹೋದದ್ದು ನೀರು, ಆಸಿಡ್ ಒಳಗೇ ಇದೆ.

ಇನ್ನು ಈ ಕೈಪಿಡಿಯ ಅತಿ ಸೂಕ್ಷ್ಮ ವಿಚಾರ. ಲಾರಿ 24 ವೋಲ್ಟಿನದು. ಟೇಪು, ಮೊಬೈಲ್ ಚಾರ್ಜರ್, ಪಟದ ಸುತ್ತ ಓಡಾಡುವ ಸೀರಿಯಲ್ ದೀಪ ಎಲ್ಲವೂ 12 ವೋಲ್ಟಿನವು. ಮೇಸ್ತ್ರಿ ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರು ಎಳೆದು ಇವಕ್ಕೆಲ್ಲ ಕೊಟ್ಟಿರುತ್ತಾನೆ. ಆ ಬ್ಯಾಟರಿ ದಿನವೂ ದೇವರ ಸೇವೆ, ಹಾಡು, ಫೋನು ಮೂರನ್ನೂ ಒಂಟಿಯಾಗಿ ಹೊರುತ್ತದೆ. ಡೈನಮೋಗೆ ಈ ಸಂಸಾರದ ವಿಷಯ ಗೊತ್ತಿಲ್ಲ. ಅದು ಎರಡಕ್ಕೂ ಸೇರಿಸಿ ಒಂದೇ ಲೆಕ್ಕದಲ್ಲಿ ಚಾರ್ಜ್ ಕೊಡುತ್ತದೆ. ಕಾಲಕ್ರಮದಲ್ಲಿ ಒಂದು ಹಸಿವಿನಿಂದ, ಇನ್ನೊಂದು ಅಜೀರ್ಣದಿಂದ ಸಾಯುತ್ತದೆ. ಒಟ್ಟು ವೋಲ್ಟೇಜು ನೋಡಿದರೆ 24 ಸರಿಯಾಗಿಯೇ ಇರುತ್ತದೆ, ಬೇರೆ ಬೇರೆ ಅಳೆದರೆ ಒಂದು 12.8, ಇನ್ನೊಂದು 11.4. ಆಗ ಸತ್ತ ಒಂದನ್ನಷ್ಟೇ ಬದಲಿಸಿದರೆ ಹಳೆಯದು ಹೊಸದನ್ನೂ ತನ್ನ ದಾರಿಗೆ ಎಳೆಯುತ್ತದೆ. ಬದಲಿಸುವುದಾದರೆ ಜೋಡಿಯಾಗಿ ಬದಲಿಸಿ. ದೀಪ, ಟೇಪುಗಳಿಗೆ 24ನ್ನು 12 ಮಾಡುವ ಕನ್ವರ್ಟರ್ ಹಾಕಿಸಿ. ರಾಯರು ಬೇಸರ ಮಾಡಿಕೊಳ್ಳುವುದಿಲ್ಲ.

ಅರ್ಥ್

ಇಲ್ಲಿಗೆ ಬರಲೆಂದೇ ಈ ಕೈಪಿಡಿ ಬರೆದದ್ದು.

ಬ್ಯಾಟರಿಯ ಮೈನಸ್ ತುದಿಯಿಂದ ದಪ್ಪ ಕೇಬಲ್ ಒಂದು ಚಾಸಿಗೆ ಹೋಗುತ್ತದೆ. ಬಹಳ ಜನ ಅಷ್ಟನ್ನೇ ನೋಡಿ ಎದ್ದು ಬಿಡುತ್ತಾರೆ. ಆದರೆ ಎಂಜಿನ್ ಕೂತಿರುವುದು ಚಾಸಿಯ ಮೇಲೆ ನೇರವಾಗಿ ಅಲ್ಲ, ರಬ್ಬರ್ ಮೌಂಟಿಂಗಿನ ಮೇಲೆ. ರಬ್ಬರ್ ಕರೆಂಟನ್ನು ಬಿಡುವುದಿಲ್ಲ. ಹಾಗಾಗಿ ಚಾಸಿಯಿಂದ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಇನ್ನೊಂದು ಕೇಬಲ್, ಹೆಚ್ಚಾಗಿ ಹೆಣೆದ ತಾಮ್ರದ ಚಪ್ಪಟೆ ಪಟ್ಟಿ, ಇದ್ದೇ ಇರುತ್ತದೆ. ಅದು ಎಣ್ಣೆ, ಕೆಸರು, ಮರಳು ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ಕೆಳಗೆ ಜೋತಾಡುತ್ತಿರುತ್ತದೆ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದವನು ಮತ್ತೆ ಏರಿಸುವಾಗ ಮರೆಯುವ ಮೊದಲ ವಸ್ತು ಇದೇ. ಕೈಯಲ್ಲಿ ಬೋಲ್ಟ್ ಒಂದು ಉಳಿದರೆ ಅದು ಇದರದ್ದೇ ಎಂದು ತಿಳಿಯಿರಿ.

ಈ ಪಟ್ಟಿ ಕಡಿದುಹೋದರೂ ಕರೆಂಟು ಸುಮ್ಮನಿರುವುದಿಲ್ಲ, ಎಂಜಿನ್ನಿಂದ ಚಾಸಿಗೆ ಬೇರೆ ಯಾವ ಲೋಹದ ದಾರಿಯಿದೆಯೋ ಅದನ್ನು ಹಿಡಿಯುತ್ತದೆ. ಎಕ್ಸಲೇಟರ್ ಕೇಬಲ್ಲು, ಗೇರಿನ ರಾಡು, ಸಿಕ್ಕಿದ್ದು. ಸೆಲ್ಫ್ ಹೊಡೆದಾಗ ಎಕ್ಸಲೇಟರ್ ಕೇಬಲ್ಲಿನಿಂದ ಹೊಗೆ ಬಂದರೆ ಕೇಬಲ್ಲಿನ ತಪ್ಪಿಲ್ಲ. ಅದು ಬೇರೆಯವರ ಹೊರೆ ಹೊತ್ತಿದೆ.

ಅರ್ಥ್ ಕೆಡಲು ಇನ್ನೊಂದು ಕಾರಣ ಎಫ್‌ಸಿ. ಫಿಟ್‌ನೆಸ್ ತಪಾಸಣೆಗೆ ಮುನ್ನ ಲಾರಿಯನ್ನು ಮದುಮಗನಂತೆ ಸಿಂಗರಿಸುವುದು ವಾಡಿಕೆ. ಚಾಸಿಗೆ ಕರಿ ಬಣ್ಣ ಬಳಿಯುವ ಹುಡುಗ ಅರ್ಥ್ ಬೋಲ್ಟು, ಅದರ ಸುತ್ತಲಿನ ಬರಿ ಲೋಹ ಯಾವುದನ್ನೂ ಬಿಡುವುದಿಲ್ಲ. ಮುಂದೆ ಯಾರೋ ಆ ಬೋಲ್ಟನ್ನು ಬಿಚ್ಚಿ ಬಣ್ಣದ ಮೇಲೆಯೇ ಬಿಗಿಯುತ್ತಾರೆ. ಲಾರಿ ಎಫ್‌ಸಿಯಲ್ಲಿ ಪಾಸಾಗಿ ಸೆಲ್ಫಿನಲ್ಲಿ ಫೇಲಾಗುತ್ತದೆ.

ಬಣ್ಣದ ಒಂದು ಪದರ, ಒಂದಿಷ್ಟು ತುಕ್ಕು, ಅದರಿಂದೇನು ಮಹಾ ಎನ್ನುವವರಿಗೆ ಲೆಕ್ಕ: ಸೆಲ್ಫ್ 500 ಆಂಪಿಯರ್ ಸೆಳೆಯುತ್ತಿದೆ ಎನ್ನಿ. ಕೆಟ್ಟ ಜೋಡಣೆಯಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲಿನಷ್ಟು ಅಡ್ಡಿ ಇದ್ದರೂ 5 ವೋಲ್ಟು ಅಲ್ಲೇ ಕರಗುತ್ತದೆ. 24ರಲ್ಲಿ 5 ಅಲ್ಲಿಯೇ ಹೋಯಿತು. 2500 ವಾಟ್ ಬಿಸಿಯಾಗಿ ಆ ಬೋಲ್ಟಿನಲ್ಲೇ ಉಳಿಯಿತು. ಹೆಡ್‌ಲೈಟಿಗೆ ಬೇಕಾದ್ದು ಕೆಲವೇ ಆಂಪಿಯರ್ ಆದ್ದರಿಂದ ದೀಪ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಊರಿಗೆಲ್ಲ ಕೇಳುತ್ತದೆ, ಟೆಸ್ಟ್ ಲ್ಯಾಂಪ್ ಹತ್ತುತ್ತದೆ. ಟೆಸ್ಟ್ ಲ್ಯಾಂಪಿನ ಮಾತು ನಂಬಿ ಸೆಲ್ಫ್ ಬಿಚ್ಚಿದವರು ಬಹಳ ಜನ.

ಕಂಡುಹಿಡಿಯುವ ಬಗೆ. ಐದಾರು ಸೆಕೆಂಡು ಸೆಲ್ಫ್ ಹೊಡೆದು ಕೂಡಲೇ ಇಳಿದು, ಪ್ಲಸ್ ಮತ್ತು ಮೈನಸ್ ಎರಡೂ ದಾರಿಯ ಜೋಡಣೆಗಳನ್ನು ಬೆರಳ ಹಿಂಭಾಗದಿಂದ ಒಂದೊಂದಾಗಿ ಮುಟ್ಟಿ. ಸುಡುವುದೇ ಕಳ್ಳ. ಮಲ್ಟಿಮೀಟರ್ ಇದ್ದರೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಟರ್ಮಿನಲ್ಲಿನ ಮೇಲಲ್ಲ, ಕಂಬದ ಮೇಲೆ), ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು ಕ್ಲೀನರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಮೀಟರೂ ಇಲ್ಲವೆಂದರೆ ಜಂಪರ್ ಕೇಬಲ್ಲಿನ ಒಂದು ತುದಿ ಮೈನಸ್ಸಿಗೆ, ಇನ್ನೊಂದು ನೇರ ಎಂಜಿನ್ನಿಗೆ ಕಚ್ಚಿಸಿ. ಸತ್ತಂತಿದ್ದ ಸೆಲ್ಫ್ 'ಘರ್ರ್' ಎಂದು ಎದ್ದರೆ ಹೊಸ ಬ್ಯಾಟರಿ ತರಲು ಹೊರಟವನನ್ನು ಕೂಗಿ ವಾಪಸ್ ಕರೆಯಿರಿ.

ಆಮೇಲಿನ ಕೆಲಸ ಸುಲಭ. ಮೊದಲು ಮೈನಸ್ ಬಿಚ್ಚಿ. ಟರ್ಮಿನಲ್ಲಿಗೆ ಹತ್ತಿದ ಬಿಳಿ-ಹಸಿರು ಪುಡಿಯ ಮೇಲೆ ಅಡುಗೆ ಸೋಡ ಕಲೆಸಿದ ಬಿಸಿನೀರು ಹೊಯ್ಯಿರಿ. ನೊರೆ ಎದ್ದು ಅದು ಕರಗುತ್ತದೆ. ಸೀಸದ ಮೈ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜುಕಾಗದ ಹಾಕಿ. ಅರ್ಥ್ ಬೋಲ್ಟಿನ ಕೆಳಗಿನ ಚಾಸಿಯನ್ನೂ ಹಾಗೇ ಕೆರೆದು, ಬಿಗಿದು, ಮೇಲೆ ಗ್ರೀಸ್ ಅಥವಾ ವ್ಯಾಸಲೀನ್ ಸವರಿ. ಗ್ರೀಸನ್ನು ಮೊದಲು ಸವರಿ ಆಮೇಲೆ ಬಿಗಿಯುವ ಪಂಥದವರೂ ಇದ್ದಾರೆ. ನಾನು ಅವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಮಾಡಬಾರದೆಂದು ಗೊತ್ತಿದ್ದೂ ಮಾಡುವ ಕೆಲಸಗಳು

ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡಿನ ಎರಡು ಬೋಲ್ಟ್ ಕೂಡಿಸಿ ಕಿಡಿ ಹಾರಿಸುವುದು. ಗೇರಿನಲ್ಲಿದ್ದರೆ ಲಾರಿ ನಿಮ್ಮನ್ನು ಹತ್ತಿಸಿಕೊಳ್ಳದೆಯೇ ಹೊರಡುತ್ತದೆ. ಬ್ಯಾಟರಿ ಪಕ್ಕದಲ್ಲಿದ್ದರೆ ಅದು ಬಿಡುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಬೇರೆ ಲಾರಿಯಿಂದ ಜಂಪ್ ಕೊಡುವಾಗಲೂ ಕೊನೆಯ ಮೈನಸ್ ಕಚ್ಚನ್ನು ಬ್ಯಾಟರಿಗಲ್ಲ, ದೂರದ ಎಂಜಿನ್ ಲೋಹಕ್ಕೆ ಹಾಕುವುದು ಇದೇ ಕಾರಣಕ್ಕೆ. 24ರ ಲಾರಿಗೆ 12ರ ಗಾಡಿಯಿಂದ ಜಂಪ್ ಕೇಳಬೇಡಿ, ಕೊಡಬೇಡಿ.

ಫ್ಯೂಸ್ ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು. ಫ್ಯೂಸ್ ಸತ್ತದ್ದು ನಿಮ್ಮನ್ನು ಉಳಿಸಲು. ಬೆಳ್ಳಿ ಕಾಗದ ಸಾಯುವುದಿಲ್ಲ, ವೈರು ಸುಡುತ್ತದೆ. ಮರಳಿನ ಲಾರಿಯಲ್ಲಿ ವೈರು ಸುಟ್ಟರೆ ಲೋಡಿಗಾದರೂ ಬೆಂಕಿ ಹತ್ತುವುದಿಲ್ಲ. ಅದೇ ಲಾರಿ ನಾಳೆ ಆದೋನಿಯಿಂದ ಹತ್ತಿ ಹೊತ್ತರೆ ಲೆಕ್ಕ ಬೇರೆ. ಅರಳೆಯ ಎಳೆ ವೈರಿಂಗಿನ ಮೇಲೆ ಕೂತಿರುತ್ತದೆ, ಹಿಂದೆ ಲೋಡು ಪೂರ್ತಿ ಅದೇ. ಈ ವಿಷಯದಲ್ಲಿ ಈ ಕೈಪಿಡಿ ತಮಾಷೆ ಮಾಡುವುದಿಲ್ಲ.

ಸುತ್ತಿಗೆಯಿಂದ ಸೆಲ್ಫಿಗೆ ತಟ್ಟುವುದು. ಇದು ನಿಜಕ್ಕೂ ಕೆಲಸ ಮಾಡುತ್ತದೆ. ಸವೆದ ಕಾರ್ಬನ್ ಸಿಕ್ಕಿಹಾಕಿಕೊಂಡಿದ್ದರೆ ತಟ್ಟಿದಾಗ ಸರಿದು ಕೂಡುತ್ತದೆ, ಎಂಜಿನ್ ಹಿಡಿಯುತ್ತದೆ. ಹಿಡಿದ ಲಾರಿ ನೇರ ಕರ್ನೂಲಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಬೇಕು. "ನಿನ್ನೆ ತಟ್ಟಿದ್ವಿ, ಆತಲ್ಲ" ಎಂದು ಮರುದಿನ ಮತ್ತೆ ಹೊಳೆಗಿಳಿಯುವುದು ವಾಡಿಕೆ.

ತಳ್ಳುವುದು. 10 ಟಯರಿನ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಲಾಯಿತು. ತಳ್ಳುವವರ ಮಿತಿ ಏರಿಲ್ಲ. ಮೇಲಾಗಿ ಏರ್ ಬ್ರೇಕಿನ ಲಾರಿ ನಿಂತು ಗಾಳಿ ಸೋರಿದ್ದರೆ ಸ್ಪ್ರಿಂಗ್ ಬ್ರೇಕು ತಾನೇ ಚಕ್ರ ಹಿಡಿದಿರುತ್ತದೆ. ಗಾಳಿ ತುಂಬಲು ಎಂಜಿನ್ ಬೇಕು, ಎಂಜಿನ್ ಹಿಡಿಯಲು ತಳ್ಳಬೇಕು. ಈ ಚಕ್ರದಲ್ಲಿ ಸಿಲುಕಿದವರು ಇನ್ನೊಂದು ಲಾರಿಯಿಂದ ಗಾಳಿ ಎರವಲು ತರಬೇಕು.

ನೀರಿಗಿಳಿದ ಲಾರಿಗೆ ವಿಶೇಷ ಸೂಚನೆ. ಸೆಲ್ಫ್ ಎಂಜಿನ್ನಿನ ಕೆಳಬದಿಯಲ್ಲಿ ಕೂತಿರುವುದರಿಂದ ಮೊದಲು ನೀರು ಕುಡಿಯುವುದು ಅದೇ. 2009ರ ಅಕ್ಟೋಬರ್ ಆರಂಭದ ಪ್ರವಾಹದಲ್ಲಿ ಮಂತ್ರಾಲಯ, ಕರ್ನೂಲು ಮುಳುಗಿದ್ದನ್ನು ನೋಡಿದವರಿಗೆ ಗೊತ್ತು, ಹೊಳೆಯ ನೀರು ಹಿಂದಕ್ಕೆ ಹೋದರೂ ತಂದ ರಾಡಿಯನ್ನು ಬಿಟ್ಟೇ ಹೋಗುತ್ತದೆ. ಮುಳುಗಿದ ಲಾರಿಗೆ ಬ್ಯಾಟರಿ ಕೂಡಿಸಿ ಕೀ ತಿರುಗಿಸಬೇಡಿ. ಸೆಲ್ಫ್, ಡೈನಮೋ ಬಿಚ್ಚಿ ಒಣಗಿಸಿ, ಆಮೇಲೆ.

ಸೆಲ್ಫ್ ಜೋರಾಗಿ ತಿರುಗಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ

ಹಳೆಯ ಪಂಪಿನ ಲಾರಿಯಾದರೆ ನಿಮ್ಮ ಎಲೆಕ್ಟ್ರಿಕ್ ಅಧ್ಯಾಯ ಇಲ್ಲಿಗೆ ಮುಗಿಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಸ್ಟಾಪ್ ಕೇಬಲ್ ಎಳೆದೇ ಉಳಿದಿದೆಯೇ, ಸ್ಟಾಪ್ ಸೊಲೆನಾಯ್ಡ್ ಇದ್ದರೆ ಅದಕ್ಕೆ ಕರೆಂಟು ಬರುತ್ತಿದೆಯೇ ನೋಡಿ. ಅದೂ ಸರಿಯಿದ್ದರೆ ಲೈನು ಗಾಳಿ ಹಿಡಿದಿದೆ, ಇಲ್ಲವೇ ಟ್ಯಾಂಕಿನಲ್ಲಿ ಎಣ್ಣೆಯೇ ಇಲ್ಲ. ಎರಡನೆಯದನ್ನು ಮೊದಲು ಪರೀಕ್ಷಿಸಿ. ಸದ್ದಿಲ್ಲದೆ ಪರೀಕ್ಷಿಸಿ, ಜನ ಇನ್ನೂ ಹೋಗಿಲ್ಲ.

ಬಿಎಸ್-6 ಲಾರಿಗಳಿಗೆ

2020ರ ಏಪ್ರಿಲ್ 1ರ ನಂತರದ ಲಾರಿಗಳಲ್ಲಿ ಸಾಮಾನ್ಯವಾಗಿ ಕೀ ನೇರವಾಗಿ ಸೆಲ್ಫಿಗೆ ಹೇಳುವುದಿಲ್ಲ, ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ಅಪ್ಪಣೆ ಕೇಳುತ್ತದೆ. ಇಂಥ ಲಾರಿಯ ಸೆನ್ಸರ್ ವೈರಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ; ಒಂದು ಬಲ್ಬಿನ ಆಸೆಗೆ ಇಸಿಯು ಹೋಗುತ್ತದೆ. ಸ್ಕ್ಯಾನರ್ ಬರುವವರೆಗೆ ಕಾಯಬೇಕು. ಬಂದ ಸ್ಕ್ಯಾನರ್ ಒಂದೇ ಏಟಿಗೆ ಹತ್ತಾರು ಫಾಲ್ಟ್ ಕೋಡ್ ತೋರಿಸಿದರೆ ಹೆದರಬೇಡಿ, ಹತ್ತು ಸೆನ್ಸರ್ ಆರ್ಡರ್ ಮಾಡಲೂ ಬೇಡಿ. ಸೆಲ್ಫ್ ಹೊಡೆದಾಗ ವೋಲ್ಟೇಜು ಕುಸಿದರೆ ಇಸಿಯು ಕಂಡಕಂಡವರ ಮೇಲೆಲ್ಲ ದೂರು ಬರೆಯುತ್ತದೆ. ಅರ್ಥ್ ಕೆರೆದು ಬಿಗಿದು, ಕೋಡುಗಳನ್ನು ಅಳಿಸಿ ಮತ್ತೊಮ್ಮೆ ನೋಡಿ.

ಸ್ಟಾರ್ಟ್ ಆದ ಮೇಲೆ

ಎಂಜಿನ್ ಓಡುತ್ತಿರುವಾಗ ಎರಡೂ ಬ್ಯಾಟರಿ ಸೇರಿ 27.6ರಿಂದ 28.8 ವೋಲ್ಟು ಬರಬೇಕು. ಬಂದರೆ ಹೊರಡಿ. 25ರ ಹತ್ತಿರವೇ ನಿಂತಿದ್ದರೆ ಡೈನಮೋ ಚಾರ್ಜ್ ಕೊಡುತ್ತಿಲ್ಲ. ಟೇಪು, ಪಟದ ದೀಪ ಆರಿಸಿ, ಹಗಲಿದ್ದಾಗಲೇ ಕರ್ನೂಲು ಸೇರಿ, ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೂ ಎಂಜಿನ್ ಆಫ್ ಮಾಡಬೇಡಿ.